ಯಾರ ಅವಲಂಬಿತೆ

ಅಕ್ಕನ ಕೆಲಸ ಕಟ್ಟುಹಲ್ಲು ಮಾಡುವುದು. ವೈದ್ಯರು ಕಳಿಸಿದ ಅಚ್ಚನ್ನು ಮುಂದಿಟ್ಟುಕೊಂಡು ಮೇಣ ಕರಗಿಸಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಾಕಿಕೊಂಡವರ ವಸಡು ಹುಣ್ಣಾಗುತ್ತದೆ. ಅದೇ ಕಟ್ಟುನಿಟ್ಟು ಅವಳ ತೆರಿಗೆ ರಿಟರ್ನಿನಲ್ಲೂ ಇತ್ತು. ಸಂಬಳ, ಬ್ಯಾಂಕಿನ ಬಡ್ಡಿ ಎಲ್ಲ ತುಂಬಿ, ಕೊನೆಗೆ ಅವಲಂಬಿತರು ಎಂಬಲ್ಲಿ ಅಮ್ಮನ ಹೆಸರು ಬರೆಯುವಳು. ಅಪ್ಪ ಹೋದಮೇಲೆ ಅಮ್ಮ ಅವಳ ಮನೆಯಲ್ಲೇ ಇದ್ದರು. ಆ ಹೆಸರು ಬರೆಯುವಾಗ ಅಕ್ಕನ ಬೆನ್ನು ತುಸು ನೆಟ್ಟಗಾಗುತ್ತಿತ್ತು. ಅವಲಂಬಿತರಿದ್ದವರಿಗೆ ಸಿಗುವ ತೆರಿಗೆ ರಿಯಾಯಿತಿಯಿಂದ ಉಳಿಯುವ ಹಣ ದೊಡ್ಡದಲ್ಲದಿದ್ದರೂ ಹಗುರವಾದುದೇನಲ್ಲ.

ಈ ಸಲ ರಿಟರ್ನು ಹೋದಷ್ಟೇ ಬೇಗ ವಾಪಸು ಬಂತು. ಈ ವ್ಯಕ್ತಿಯನ್ನು ಇನ್ನೊಬ್ಬರು ಈಗಾಗಲೇ ತಮ್ಮ ಅವಲಂಬಿತರೆಂದು ತೋರಿಸಿದ್ದಾರೆ ಎಂದು ಪರದೆಯ ಮೇಲೆ ಮೂಡಿತು. ಆ ಇನ್ನೊಬ್ಬರು ಯಾರೆಂದು ತಿಳಿಯಲು ಅಕ್ಕ ತಲೆ ಕೆರೆದುಕೊಳ್ಳಬೇಕಾಗಿರಲಿಲ್ಲ. ಅಮ್ಮನಿಗೆ ಇದ್ದವರು ಇಬ್ಬರೇ ಮಕ್ಕಳು. ಕ್ರೇನ್ ಓಡಿಸುವ ತಮ್ಮನಿಗೆ ಅವಳು ಆಗಲೇ ಫೋನ್ ಮಾಡಿದಳು.

"ಅಮ್ಮನ್ನ ನೀನು ಹಾಕಿದ್ದೀಯೇನೋ?"

"ಹೌದಕ್ಕ. ನಿಮ್ಮನೆ ಬಾಡಿಗೆಗೆ ಅರ್ಧ ಕೊಡ್ತೀನಿ, ಔಷಧಿಗೆ ಕೊಡ್ತೀನಿ. ತಾಯೀನ ಸಾಕೋರಿಗೆ ರಿಯಾಯಿತಿ ಇದೆ ಅಂತ ಜೊತೆಯವರು ಹೇಳಿದ್ರು."

"ಸಾಕೋದು ಅಂದ್ರೆ ದುಡ್ಡು ಕಳಿಸೋದಲ್ಲ. ಜ್ವರ ಬಂದಾಗ ಪಕ್ಕದಲ್ಲಿ ಕೂರೋದು."

"ಫಾರ್ಮಲ್ಲಿ ಜ್ವರಕ್ಕೆ ಕಾಲಂ ಇಲ್ಲ ಅಕ್ಕ."

ಮಾತಿಗೆ ಮಾತು ಬೆಳೆಯಿತು. ಅವನು ಸಣ್ಣವನಿದ್ದಾಗ ಅವಳು ಹೊತ್ತು ತಿರುಗಿದ್ದು, ಅವಳ ಓದಿಗಾಗಿ ಅವನು ಬೇಗ ಕೆಲಸಕ್ಕೆ ಸೇರಿದ್ದು, ತೆರಿಗೆಗೆ ಯಾವ ಸಂಬಂಧವೂ ಇಲ್ಲದ್ದೆಲ್ಲ ಹೊರಗೆ ಬಂತು. ಪಕ್ಕದ ಕೋಣೆಯಲ್ಲಿದ್ದ ಅಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ಕೊನೆಗೆ ತಮ್ಮನೇ ಸೋತ ದನಿಯಲ್ಲಿ, "ಲೆಕ್ಕದ ಮೇಷ್ಟ್ರ ಹತ್ರ ಹೋಗೋಣ. ಅವರು ಹೇಳಿದ ಹಾಗಾಗ್ಲಿ," ಎಂದ.

ಲೆಕ್ಕದ ಮೇಷ್ಟ್ರು ಎಂದರೆ ಶಾಲೆಯಿಂದ ನಿವೃತ್ತರಾದವರು. ರಿಟರ್ನು ತುಂಬುವ ಕಾಲದಲ್ಲಿ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಬಂದವರಿಗೆಲ್ಲ ಬಿಟ್ಟಿಯಾಗಿ ನೆರವಾಗುತ್ತಿದ್ದರು. ಅಮ್ಮನನ್ನೂ ಕರೆತರಲು ಅವರು ಹೇಳಿಕಳಿಸಿದ್ದರು. ಕೋಣೆಯಲ್ಲಿ ಹಳೆಯ ಪತ್ರಿಕೆಗಳ ವಾಸನೆ. ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಡುವೆ ಕೂತರು. ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆಚೀಚೆ ಕೂತರು.

"ಒಬ್ಬ ತಾಯಿಯನ್ನ ಇಬ್ಬರು ತೋರಿಸೋ ಹಾಗಿಲ್ಲ," ಎಂದು ಮೇಷ್ಟ್ರು ಶುರುಮಾಡಿದರು. "ಅವರ ವರ್ಷದ ಖರ್ಚಲ್ಲಿ ಅರ್ಧಕ್ಕಿಂತ ಹೆಚ್ಚು ಕೊಟ್ಟವರು ತೋರಿಸಬಹುದು. ಯಾರದ್ದೂ ಅರ್ಧ ದಾಟದೆ, ಇಬ್ಬರೂ ಸೇರಿ ದಾಟಿದ್ರೆ, ಒಬ್ಬರು ಬರೆದುಕೊಟ್ಟು ಇನ್ನೊಬ್ಬರಿಗೆ ಬಿಡಬಹುದು. ಈ ವರ್ಷ ಅಕ್ಕ, ಮುಂದಿನ ವರ್ಷ ತಮ್ಮ. ಜಗಳಕ್ಕೆ ಕಾರಣಾನೇ ಇಲ್ಲ."

ಅಕ್ಕನಿಗೆ ಉಸಿರು ಬಂದ ಹಾಗಾಯಿತು. ತಮ್ಮ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡ.

"ಆದ್ರೆ ಅದಕ್ಕೂ ಮುಂಚೆ ಇನ್ನೊಂದು ಷರತ್ತು ಇದೆ. ಅವಲಂಬಿತರ ಸ್ವಂತ ಆದಾಯ ಮಿತಿಯೊಳಗಿರಬೇಕು. ನಿಮ್ಮ ತಾಯಿಗೆ ಆದಾಯ ಏನಾದ್ರೂ?"

"ಇಲ್ಲ," ಎಂದರು ಇಬ್ಬರೂ. ಆ ದಿನ ಅವರಿಬ್ಬರೂ ಒಂದೇ ಮಾತು ಆಡಿದ್ದು ಅದೊಂದೇ ಸಲ.

"ಇದೆ," ಎಂದರು ಅಮ್ಮ.

ತಮ್ಮ ಅಕ್ಕನನ್ನು ನೋಡಿದ. ಅಕ್ಕ ಅಮ್ಮನನ್ನು ನೋಡಿದಳು.

"ಮಧ್ಯಾಹ್ನ ನಾನು ಎಲ್ಲಿಗೆ ಹೋಗ್ತೀನಿ ಅಂದ್ಕೊಂಡಿದ್ದೆ?" ಎಂದು ಅಮ್ಮ ಅವಳನ್ನೇ ಕೇಳಿದರು.

"ನಾಟಕ ಕಂಪನಿಯವರ ಹತ್ರ. ಹೊತ್ತು ಕಳೆಯೋಕೆ."

"ಹೊತ್ತು ಕಳೆಯೋಕೆ ಯಾರಾದ್ರೂ ರಾಜನ ನಿಲುವಂಗಿ ಹೊಲೀತಾರಾ? ಹೋದ ವರ್ಷದ ಮೊದಲಿಂದ ಸಂಬಳಕ್ಕೆ ತಗೊಂಡಿದ್ದಾರೆ. ಬಟ್ಟೆಯೆಲ್ಲ ನನ್ನ ಸುಪರ್ದಿ. ಕೈ ಕೆಳಗೆ ಒಬ್ಬಳಿದ್ದಾಳೆ."

ಕೈಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನಾಟಕ ಕಂಪನಿ ಕೊಟ್ಟ ವರ್ಷದ ಸಂಬಳದ ಪ್ರಮಾಣಪತ್ರ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಮಿತಿ ಎಲ್ಲೋ ಹಿಂದೆ ಉಳಿದಿತ್ತು.

"ಹೇಳಬಾರದಿತ್ತೇನಮ್ಮ?" ತಮ್ಮನ ದನಿ ಸಣ್ಣಗಾಗಿತ್ತು.

"ನೀವು ಕೇಳಿದ್ರಾ? ಇಬ್ಬರೂ ನನ್ನ ಹೆಸರು ಬರೆದ್ರಿ. ಬರೆಯೋ ಮುಂಚೆ ಒಬ್ಬರಾದ್ರೂ ಕೇಳಿದ್ರಾ?"

"ಆ ದುಡ್ಡೆಲ್ಲ ಏನು ಮಾಡಿದೆ?" ಎಂದು ತಮ್ಮ ಕೇಳಿದ.

"ಬ್ಯಾಂಕಲ್ಲಿದೆ. ನಿನ್ನ ಸಂಬಳ ಏನಾಯ್ತು ಅಂತ ನಾನು ಯಾವತ್ತಾದ್ರೂ ಕೇಳಿದ್ದೀನಾ?"

ಮೇಷ್ಟ್ರು ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡರು. ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಕೆಲಸ ಸಿಕ್ಕಿದ್ದು ಹೋದ ವರ್ಷವಾದ್ದರಿಂದ ಅಕ್ಕನ ಹಳೆಯ ರಿಟರ್ನುಗಳಿಗೆ ಧಕ್ಕೆಯಿಲ್ಲ. ಹೋದ ವರ್ಷದ ಆದಾಯ ತೋರಿಸುವ ಈ ಸಲದ ರಿಟರ್ನನ್ನು ಮಾತ್ರ ಅವಳು ಅಮ್ಮನ ಹೆಸರು ತೆಗೆದು ಮತ್ತೆ ಸಲ್ಲಿಸಬೇಕು. ತಮ್ಮನಾದರೋ ತಿದ್ದುಪಡಿ ರಿಟರ್ನು ಹಾಕಿ, ಪಡೆದ ರಿಯಾಯಿತಿಯನ್ನು ಹಿಂದಿರುಗಿಸಬೇಕು. ಇಲಾಖೆಯವರು ಬಾಗಿಲು ತಟ್ಟುವ ಮೊದಲೇ ತಾನಾಗಿ ತಿದ್ದಿಕೊಂಡರೆ ದಂಡ ಬೀಳದು, ಚೂರುಪಾರು ಬಡ್ಡಿ ಬಿದ್ದೀತು. ಇನ್ನು ಅಮ್ಮ ಸ್ವಂತ ಹೆಸರಿನಲ್ಲಿ ಒಂದು ರಿಟರ್ನು ಸಲ್ಲಿಸಬೇಕು.

"ನಿಮ್ಮ ಸಂಬಳದಲ್ಲಿ ಹೆಚ್ಚಿಗೆ ತೆರಿಗೆ ಹಿಡಿದಿದ್ದಾರೆ ತಾಯಿ. ವಯಸ್ಸಾದವರಿಗೆ ಇರೋ ವಿನಾಯಿತಿ ಸೇರಿಸಿದ್ರೆ ನಿಮಗೇ ವಾಪಸು ಬರುತ್ತೆ."

ಅಂದರೆ ಮೂವರಲ್ಲಿ ಲಾಭ ಅಮ್ಮನಿಗೆ. ತಮ್ಮನ ಮುಖ ಸಪ್ಪಗಾಯಿತು. ಅಮ್ಮನ ಫಾರ್ಮಿನಲ್ಲಿ, ನಿಮ್ಮನ್ನು ಬೇರೆ ಯಾರಾದರೂ ಅವಲಂಬಿತರೆಂದು ತೋರಿಸಬಹುದೇ ಎಂಬ ಪ್ರಶ್ನೆಯನ್ನು ಮೇಷ್ಟ್ರು ಓದಿದರು. ಅಮ್ಮ ಪೆನ್ನು ತೆಗೆದುಕೊಂಡು ಇಲ್ಲ ಎಂಬುದಕ್ಕೆ ತಾವೇ ಗುರುತು ಹಾಕಿದರು.

ಹೊರಬಂದ ಮೇಲೆ ಗ್ರಂಥಾಲಯದ ಮೆಟ್ಟಿಲ ಬಳಿ ಅಕ್ಕನ ಪಕ್ಕ ನಿಂತ ತಮ್ಮ, "ತಪ್ಪಾಯ್ತು ಅಕ್ಕ. ಕೇಳಿ ಹಾಕಬೇಕಿತ್ತು," ಎಂದ. "ನನ್ನದೂ ಅದೇ ತಪ್ಪು ಕಣೋ," ಎಂದಳು ಅವಳು. ಅವನು ಪಾಳಿಗೆ ಹೊತ್ತಾಯಿತೆಂದು ಹೊರಟ.

ಮನೆಗೆ ಬಂದ ಮೇಲೂ ಅಕ್ಕ ಮಂಕಾಗಿಯೇ ಇದ್ದಳು. ಅಮ್ಮ ಚಪ್ಪಲಿ ಬಿಡುತ್ತ ಕೇಳಿದರು, "ರಿಯಾಯಿತಿ ಹೋಯ್ತು ಅಂತ ಬೇಜಾರಾ?"

"ಅದಲ್ಲಮ್ಮ. ನಾನಿಲ್ಲದಿದ್ರೆ ನಿನ್ನ ಗತಿ ಏನು ಅಂದ್ಕೊಂಡು ಇಷ್ಟು ದಿನ ಓಡಾಡ್ತಿದ್ದೆ. ಮದುವೆ ಬೇಡ ಅಂದಿದ್ದಕ್ಕೂ ಬೇರೆ ಊರಿನ ಕೆಲಸ ಬಿಟ್ಟಿದ್ದಕ್ಕೂ ಅದೇ ಕಾರಣ ಹೇಳ್ಕೊಂಡಿದ್ದೆ."

ಅಮ್ಮ ಬಂದು ಅವಳ ಪಕ್ಕ ಕೂತರು. "ಬೇರೆ ಮನೆ ಮಾಡ್ಕೊಂಡು ಹೋಗೋಷ್ಟು ದುಡ್ಡು ನನ್ನ ಹತ್ರ ಆಗಲೇ ಇತ್ತು. ಹೋಗಲಿಲ್ಲ. ನಿನ್ನ ಜೊತೆ ಇರೋದು ನನಗಿಷ್ಟ, ಅದಕ್ಕೆ ಇದ್ದೀನಿ. ನಿನಗೆ ಎಲ್ಲಿಗಾದ್ರೂ ಹೋಗಬೇಕು ಅನ್ನಿಸಿದ್ರೆ ಹೋಗು, ನನ್ನ ಹೆಸರು ಹೇಳ್ಕೊಂಡು ನಿಲ್ಲಬೇಡ."

ಅಕ್ಕ ಕಣ್ಣೊರೆಸಿಕೊಂಡಳು. ಹೋಗುವ ಮನಸ್ಸಿದೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಇಲ್ಲ ಎನ್ನಿಸಿತು. ಆದರೆ ಆ ಇಲ್ಲ ತನ್ನದೇ ಎಂದು ಗೊತ್ತಾದಾಗ ಭುಜ ಹಗುರವಾದ ಹಾಗಾಯಿತು.

ಮುಂದಿನ ತಿಂಗಳಿಂದ ಬಾಡಿಗೆಯನ್ನು ಮೂರು ಪಾಲು ಮಾಡಿದರು. ತಾನು ಅರ್ಧವನ್ನೇ ಕೊಡುವೆನೆಂದು ತಮ್ಮ ಹಟ ಹಿಡಿದ. ಅಮ್ಮ ಕೇಳಲಿಲ್ಲ.