ಎಲೆಅಡಿಕೆ ಸಂಚಿಯ ಕಾರ್ಡು

ನಾನೊಂದು ಎಟಿಎಂ ಕಾರ್ಡು. ಯಾವುದೋ ಕಾರ್ಖಾನೆಯಲ್ಲಿ ಸಾವಿರಾರು ಒಡಹುಟ್ಟುಗಳ ಜೊತೆ ಹುಟ್ಟಿದೆ. ಎಲ್ಲರದೂ ಒಂದೇ ಮುಖ. ಎದೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಹೊಂಬಣ್ಣದ ಚಿಪ್ ಕೂರಿಸಿ, ಕೆಳಗೆ ಮಲ್ಲಾಜಮ್ಮ ಎಂದು ಹೆಸರು ಒತ್ತಿ, ಲಕೋಟೆಗೆ ಹಾಕಿ ಕಳಿಸಿದರು.

ಕಾರ್ಡುಗಳಿಗೆ ಪರ್ಸಿನಲ್ಲಿ ಮನೆ ಸಿಗುತ್ತದೆಂದು ಕೇಳಿದ್ದೆ. ನನಗೆ ಸಿಕ್ಕಿದ್ದು ಎಲೆಅಡಿಕೆ ಸಂಚಿ. ಮಲ್ಲಾಜಮ್ಮ ಕೊಳ್ಳೇಗಾಲದ ಕಡೆಯ ಸೋಬಾನೆ ಹಾಡುಗಾರ್ತಿ. ಭದ್ರವಾಗಿಡಿ ಎಂದು ಬ್ಯಾಂಕಿನವರು ಹೇಳಿದಾಗ ಅವಳಿಗೆ ಸೊಂಟದ ಸಂಚಿಗಿಂತ ಭದ್ರವಾದ ಜಾಗ ಹೊಳೆಯಲಿಲ್ಲ. ಗಂಡ ಬದುಕಿದ್ದಾಗ ಅವನೂ ಅದಕ್ಕೆ ಕೈಹಾಕಿದವನಲ್ಲ. ಒಂದು ಅರೆಯಲ್ಲಿ ಅಡಿಕೆ, ಇನ್ನೊಂದರಲ್ಲಿ ಹೊಗೆಸೊಪ್ಪು, ಮತ್ತೊಂದರಲ್ಲಿ ಸುಣ್ಣದ ಡಬ್ಬಿ ಮತ್ತು ನಾನು. ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಕೂತರೆ, ಎದ್ದರೆ ನನ್ನ ಮೈಗೆ ಒಂದಿಷ್ಟು ಸುಣ್ಣ. ತಿಂಗಳಿಗೊಮ್ಮೆ ಕಲಾವಿದರ ಮಾಸಾಶನ ತೆಗೆಯಲು ಪೇಟೆಗೆ ಹೋದಾಗ ಸೆರಗಿನಲ್ಲಿ ಒರೆಸುತ್ತಿದ್ದಳು. ಅಲ್ಲಿನ ಹಳೇ ಮಿಷನ್ನು ನನ್ನ ಗುರುತು ಹಿಡಿದು, ಎರಡು ಸಲ ಕೆಮ್ಮಿ, ದುಡ್ಡು ಕೊಡುತ್ತಿತ್ತು.

ಹೀಗಿರುವಾಗ ವಿಯೆಟ್ನಾಮಿನ ಒಂದು ಜಾನಪದ ಮೇಳದಿಂದ ಕರೆ ಬಂತು. ಮಲ್ಲಾಜಮ್ಮ, ಅವಳ ಓರಗಿತ್ತಿ ಚಿಕ್ಕತಾಯಿ, ಇನ್ನು ಮೂವರು ಹೆಂಗಸರು, ಇವರನ್ನು ಕರೆದೊಯ್ಯಲು ಶಿವಮಾದು ಮೇಷ್ಟ್ರು. ಹೊರದೇಶದಲ್ಲಿ ನಡೆಯುವಂತೆ ನನಗೆ ಬ್ಯಾಂಕಿನಲ್ಲಿ ಅಪ್ಪಣೆಯಾಯಿತು. ಉಳಿದ ಹೆಂಗಸರಿಗೆ ಕಾರ್ಡೇ ಇರಲಿಲ್ಲ; ನನಗೆ ಮಾಡಿಸಿಕೊಟ್ಟ ಮೇಷ್ಟ್ರು ತಮ್ಮ ಕಾರ್ಡನ್ನೇ ಮರೆತರು.

ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹಸಿ ಎಲೆ ತರುವಂತಿಲ್ಲವೆಂದು ಮಲ್ಲಾಜಮ್ಮನ ವೀಳ್ಯದೆಲೆಯ ಕಟ್ಟು ತೆಗೆದಿಟ್ಟುಕೊಂಡರು. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಮೇಳದ ಮೊದಲ ಹಾಡು ಅವಳದೇ. ಅವಳ ಗಂಟಲಿನಿಂದ ಬರುತ್ತಿದ್ದದ್ದು ಬರೀ ಗೊರಗೊರ.

"ಅಕ್ಕ, ಒಂದ್ ಸೊಲ್ಲ ಎತ್ತಿ ನೋಡು" ಎಂದಳು ಚಿಕ್ಕತಾಯಿ.

"ಎಲೆ ಇಲ್ದೆ ಸೊಲ್ಲೆಲ್ಲಿ ಬಂದದಮ್ಮಿ? ಬಾಯಿ ಬೀಳು ಬಿದ್ದ ಹೊಲ ಆಗದ."

ಬೆಳಗಾಗುತ್ತಲೇ ಮೇಷ್ಟ್ರನ್ನು ಕರೆದುಕೊಂಡು ಇಬ್ಬರೂ ಮಾರುಕಟ್ಟೆಗೆ ಹೊರಟರು. ಬಾಗಿಲಲ್ಲೇ ಒಬ್ಬ ಮುದುಕಿ ಬುಟ್ಟಿ ತುಂಬ ವೀಳ್ಯದೆಲೆ ಇಟ್ಟುಕೊಂಡು ಕೂತಿದ್ದಳು! ಅವಳ ಹಲ್ಲೂ ಎಲೆ ಮೆದ್ದು ಕಪ್ಪಾಗಿತ್ತು. ಮೇಷ್ಟ್ರ ಕೈಯಲ್ಲಿದ್ದ ಆ ದೇಶದ ಕಾಸು ಬಸ್ಸಿಗೆ, ಊಟಕ್ಕೆ ಮುಗಿದಿತ್ತು. ಮುದುಕಿ ನಾಲ್ಕು ಎಲೆ ಎತ್ತಿ, ಸುಮ್ಮನೆ ತಗೋ ಎಂಬಂತೆ ಚಾಚಿದಳು. ಮಲ್ಲಾಜಮ್ಮ ಕೈ ಹಿಂದೆಳೆದುಕೊಂಡಳು.

"ಬೋಣಿ ಹೊತ್ನಲ್ಲಿ ಪುಕ್ಸಟ್ಟೆ ಈಸ್ಕಂಡ್ರ ಅವಳ್ ಯಾಪಾರ ಏನಾದದು? ಮೇಷ್ಟ್ರೆ, ಆ ಮಿಷನ್ ತಾವಿಕ್ ನಡೀರಿ."

ಪಕ್ಕದಲ್ಲೇ ಇತ್ತು ಮಿಷನ್ನು. ಥಳಥಳಿಸುವ ಹೊಸದು, ಬಾಯಿ ತಣ್ಣಗೆ. ನನ್ನನ್ನು ಒಳಗೆಳೆದುಕೊಂಡು ತಡಕಿ, ಓದಲಾಗದು ಎಂದು ಉಗಿಯಿತು. ಸೆರಗಿನಲ್ಲಿ ಒರೆಸಿ ಹಾಕಿದರು. ಮತ್ತೆ ಉಗಿಯಿತು.

ಮೇಷ್ಟ್ರು ಬೆವರಿದರು. "ಇನ್ನೊಂದ್ ಸಲ ಹಾಕುದ್ರ ನುಂಗ್ಬುಟ್ರೂ ನುಂಗ್ಬುಡ್ತದ ಕನವ್ವ."

"ನುಂಗ್ಲಿ ಬುಡಿ, ಸುಣ್ಣವಂತೂ ಅದರಲ್ಲೇ ಅದ. ಅಡಕ ಒಂದ್ ಹಾಕ್ಬುಡಿ, ಅದೂ ಮೆಲ್ಲಲಿ" ಎಂದಳು ಚಿಕ್ಕತಾಯಿ.

ಎಲೆಯ ಮುದುಕಿ ಎದ್ದು ಬಂದಳು. ನನ್ನನ್ನು ಇಸಿದುಕೊಂಡು ಮೂಗಿನ ಹತ್ತಿರ ಹಿಡಿದಳು. ತನ್ನ ಮಡಿಲಿನಿಂದ ಪುಟ್ಟ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದಳು. ಸುಣ್ಣ! ಅವಳೂ ಮಲ್ಲಾಜಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿ ಪಕ್ಕದ ಶ್ಯಾವಿಗೆ ಅಂಗಡಿಯಿಂದ ನಿಂಬೆಹೋಳು ತಂದು ನನ್ನ ಎದೆಗೆ ತಿಕ್ಕಿದಳು. ಮೂರು ವರ್ಷದ ಸುಣ್ಣ ಚುರುಗುಟ್ಟಿ ನೊರೆಯಾಗಿ ಇಳಿಯಿತು. ಮೈ ಒರೆಸಿದ ಮೇಲೆ ಒಳಗೆ ಹೋದೆ. ಈ ಸಲ ಮಿಷನ್ನು ನನ್ನನ್ನು ಓದಿತು.

ಓದಿದ ಮೇಲೆ ನಯವಾಗಿ ಕೇಳಿತು: ನಿಮ್ಮ ರೂಪಾಯಿಯಲ್ಲೇ ಲೆಕ್ಕ ಹಾಕಲೇ?

"ನಮ್ ರೂಪಾಯಿ ಅಂತದಲ್ಲ, ಊ ಅನ್ನಿ" ಎಂದಳು ಚಿಕ್ಕತಾಯಿ.

"ಬ್ಯಾಡವ್ವ, ಅದರಲ್ಲಿ ಅದರ ಕಮಿಷನ್ ಸೇರ್ಕಂಡಿರ್ತದ" ಎಂದರು ಮೇಷ್ಟ್ರು.

"ಹಂಗನ್ನಿ! ಟವಲ್ ಮರೇಲಿ ಬೆರಳು ಹಿಡ್ದು ರೇಟ್ ಕುದುರ್ಸೋ ಎತ್ತಿನ ದಳ್ಳಾಳಿ ಇದು" ಎಂದಳು ಮಲ್ಲಾಜಮ್ಮ.

ಬೇಡ ಎಂದು ಒತ್ತಿದರು. ಒಂದೇ ಒಂದು ನೋಟು ಬಂತು. ಐದು ಲಕ್ಷದ್ದು. ಚಿಕ್ಕತಾಯಿ ಅಲ್ಲೇ ಕುಕ್ಕರಿಸಿದಳು. "ಅಕ್ಕ, ಐದು ಲಕ್ಸುಕ್ಕ ಊರಲ್ಲಿ ಎಲೆತೋಟವೇ ಬತ್ತದಲ್ಲ!"

ನಮ್ಮ ದುಡ್ಡಲ್ಲಿ ಅದು ಒಂದೂವರೆ ಸಾವಿರದ ಮೇಲೆ ಸ್ವಲ್ಪ ಎಂದು ಮೇಷ್ಟ್ರು ತಿಳಿಸಿ ಹೇಳುವಷ್ಟರಲ್ಲಿ ಮುದುಕಿ ಬರಿಗೈ ತಿರುವಿ ತೋರಿಸಿದಳು. ಬೋಣಿಯಾಗದವಳ ಹತ್ತಿರ ಚಿಲ್ಲರೆ ಎಲ್ಲಿಂದ ಬರಬೇಕು? ದೂರದಲ್ಲಿ ಮೇಳದ ನಗಾರಿ ಶುರುವಾಗಿತ್ತು. ಮಲ್ಲಾಜಮ್ಮ ನೋಟನ್ನು ಮುದುಕಿಯ ಅಂಗೈಗೆ ಒತ್ತಿ, ಬುಟ್ಟಿಯನ್ನೇ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

ಹತ್ತು ಗಂಟೆಗೆ ಅವಳು ಕೆಂಪು ಬಾಯಲ್ಲಿ ಮೊದಲ ಸೊಲ್ಲು ಎತ್ತಿದಳು. ಸಂಚಿಯೊಳಗಿದ್ದ ನನ್ನ ಮೈಯೂ ಜುಮ್ಮೆಂದಿತು. ಮುಂದಿನ ಸಾಲಿನಲ್ಲಿ ಎಲೆಯ ಮುದುಕಿ ಕೂತಿದ್ದಳು. ಮಾರಲು ಏನೂ ಉಳಿದಿರಲಿಲ್ಲವಲ್ಲ, ಅಂಗಡಿ ಎತ್ತಿ ಬಂದಿದ್ದಳು. ಮಿಕ್ಕ ಎಲೆಯನ್ನು ನಮ್ಮವರು ವಿಮಾನದಲ್ಲಿ ಊರಿಗೆ ಒಯ್ಯುವಂತಿರಲಿಲ್ಲ. ಎರಡು ದಿನದಲ್ಲಿ ಮೆದ್ದು ಮುಗಿಸಲು ಎಂದೂ ಎಲೆ ಮುಟ್ಟದ ಮೇಷ್ಟ್ರೂ ಕೈಜೋಡಿಸಿದರು.

ಈಗ ನನ್ನ ಅವಧಿ ಮುಗಿದಿದೆ. ಹಳೆಯದನ್ನು ಕತ್ತರಿಸಿ ಎಸೆಯಿರಿ ಎಂದರು ಬ್ಯಾಂಕಿನವರು. ಮಲ್ಲಾಜಮ್ಮ ಅಡಕತ್ತರಿಯಲ್ಲಿ ಕತ್ತರಿಸಿದಳು, ಎಸೆಯಲು ಮನಸ್ಸು ಬರಲಿಲ್ಲ. ಹೊಸ ಕಾರ್ಡು ಪ್ಲಾಸ್ಟಿಕ್ ಕವರಿನೊಳಗೆ, ಅಡಿಕೆಯ ಅರೆಯಲ್ಲಿ ಮಡಿಯಾಗಿ ಕೂತಿದೆ. ಚಿಪ್ ಇರುವ ನನ್ನ ಅರ್ಧ ಮಾತ್ರ ಹಳೇ ಜಾಗದಲ್ಲೇ ಇದೆ. ಮಲ್ಲಾಜಮ್ಮ ಎಲೆಗೆ ಸುಣ್ಣ ಸವರುವುದು ಈಗ ನನ್ನಿಂದಲೇ.