ಟೀಚರ್ ಕಣ್ಣಿಗೆ ಅಡ್ಡ ಬಂದ ಕಿಟಕಿ

ನಾನು ಕನ್ನಡಕದ ಒಂದು ಜೊತೆ ಗಾಜು. ಗಾಜು ಎನ್ನುವುದು ಬಾಯಿಮಾತು, ಹುಟ್ಟಿನಿಂದ ನಾನು ಪ್ಲಾಸ್ಟಿಕ್. ಅಂಟಂಟು ದ್ರವವಾಗಿದ್ದ ನನ್ನನ್ನು ಕಾರ್ಖಾನೆಯಲ್ಲಿ ಅಚ್ಚಿಗೆ ಹೊಯ್ದು, ಕಾಯಿಸಿ, ಗಟ್ಟಿ ಮಾಡಿದರು. ನನ್ನ ಓರಗೆಯವರಲ್ಲಿ ಕೆಲವರನ್ನು ಇನ್ನೊಂದು ಕೋಣೆಗೆ ಒಯ್ದು ಮೈಗೆ ತೆಳ್ಳನೆಯ ಕೋಟಿಂಗ್ ಹಚ್ಚಿದರು. ಓರೆಯಾಗಿ ನೋಡಿದರೆ ಅವರಲ್ಲಿ ಹಸಿರು ಛಾಯೆ ಕಾಣುತ್ತಿತ್ತು. ನನಗೆ ಆ ಯೋಗ ಬರಲಿಲ್ಲ. ಸಾದಾ ಗಾಜುಗಳ ಜೊತೆಯಲ್ಲಿ ಗದಗಿಗೆ, ಮೌಲಾಸಾಬರ ಕನ್ನಡಕದ ಅಂಗಡಿಗೆ ಬಂದೆ.

ಅಲ್ಲಿಗೆ ಒಂದು ದಿನ ಅನಸೂಯಾ ಟೀಚರ್ ತಮ್ಮ ಗಂಡ ವೀರಭದ್ರಪ್ಪನವರ ಜೊತೆ ಬಂದರು. ಟೀಚರ್ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಪಾಠ ಹೇಳುವವರು. ಕೊನೆಯ ಸಾಲಿನ ಮಕ್ಕಳು ಕೈಸನ್ನೆಯಲ್ಲಿ ಆಡುವ ಮಾತು ಅವರಿಗೆ ಮಸುಕಾಗತೊಡಗಿತ್ತು.

“ಕೋಟಿಂಗ್ ಇರೂದು ತಗೋರಿ ಟೀಚರ್,” ಎಂದರು ಮೌಲಾಸಾಬರು. “ಬೆಳಕು ಹೊಳಿಯೂದಿಲ್ಲ. ಗೀರು ಬೀಳಲಾರದ್ದೂ ಐತಿ, ಮೊಬೈಲಿನ ನೀಲಿ ಬೆಳಕು ತಡಿಯೂದೂ ಐತಿ. ಸ್ವಲ್ಪ ರೊಕ್ಕ ಜಾಸ್ತಿ ಆಗತೈತಿ, ಅಷ್ಟ.”

ಟೀಚರ್ ಎರಡೂ ಬಗೆಯ ಗಾಜಿನಲ್ಲಿ ಎದುರಿನ ಗೋಡೆಯ ಅಕ್ಷರ ಓದಿದರು. “ಎರಡರಾಗೂ ಒಂದ ನಮೂನಿ ಕಾಣತಾವಲ್ರಿ?”

“ಕಣ್ಣಿಗೆ ಕಾಣಲಾರದ್ದಕ್ಕ ರೊಕ್ಕ ಯಾಕ ಕೊಡೂದು? ಸಾದಾ ಹಾಕ್ರಿ,” ಎಂದು ವೀರಭದ್ರಪ್ಪ ಮಾತು ಮುಗಿಸಿದರು.

ಹೀಗೆ ನಾನು ಟೀಚರ ಮೂಗಿನ ಮೇಲೆ ಕೂತೆ. ತರಗತಿಗೆ ಹೋದ ಮೊದಲ ದಿನ ಅವರ ಸಂತೋಷ ಹೇಳತೀರದು. ಕೊನೆಯ ಸಾಲಿನ ಪ್ರತಿ ಬೆರಳೂ ಸ್ಪಷ್ಟ. ಆದರೆ ಮಕ್ಕಳ ಬೆನ್ನ ಹಿಂದೆ ಸಾಲು ಕಿಟಕಿಗಳಿದ್ದವು. ಆ ಬೆಳಕೆಲ್ಲ ನೇರವಾಗಿ ನನ್ನ ಮೇಲೆ ಬೀಳುತ್ತಿತ್ತು. ಅದನ್ನು ಹಿಂದಕ್ಕೆ ಹೊಳೆಯಿಸುವುದು ನನ್ನ ಗುಣ.

ಆ ಮಕ್ಕಳ ಭಾಷೆಯಲ್ಲಿ ಕೈಯಷ್ಟೇ ಮಾತಾಡುವುದಿಲ್ಲ, ಮುಖವೂ ಮಾತಾಡುತ್ತದೆ. ಹುಬ್ಬು ಏರಿ ಕಣ್ಣು ಅರಳಿದರೆ ಅದು ಪ್ರಶ್ನೆ. ಇಲ್ಲದಿದ್ದರೆ ಬರೀ ಹೇಳಿಕೆ.

ಒಂದು ಶನಿವಾರ ಟೀಚರ್ ಹಾಸ್ಟೆಲಿನ ಹುಡುಗಿ ಫಕೀರವ್ವನಿಗೆ ಸನ್ನೆಯಲ್ಲಿ ಕೇಳಿದರು: ನಾಳೆ ಅವ್ವ ಬರತಾಳೇನು? ಫಕೀರವ್ವ ಕುಣಿದು ಕುಪ್ಪಳಿಸಿದಳು. ಬರುತ್ತಾಳೆಂದೇ ಇರಬೇಕು ಎಂದು ಟೀಚರ್ ನಕ್ಕರು.

ಸೋಮವಾರ ಹಾಸ್ಟೆಲಿನ ಅಡುಗೆಯ ನೀಲವ್ವ ತರಗತಿಯ ಬಾಗಿಲಿಗೆ ಬಂದಳು. “ಟೀಚರ್, ಈ ಹುಡುಗಿ ನಿನ್ನೆ ಮುಂಜಾನಿಂದ ಸಂಜಿತನಕ ಗೇಟಿನಾಗ ಚೀಲ ಹಿಡಕೊಂಡು ಕುಂತಿತ್ತರಿ. ಊಟಕ್ಕೂ ಏಳಲಿಲ್ಲ. ಯಾರು ಬರತೀನಿ ಅಂದಿದ್ರೋ ಏನೋ.”

ಟೀಚರ್ ಫಕೀರವ್ವನನ್ನು ಕರೆದರು. ಹುಡುಗಿ ಬಿಗಿದ ಮುಖದಲ್ಲಿ ಬೆರಳಾಡಿಸಿದಳು: ಬರತಾಳ ಅಂತ ನೀವ ಹೇಳಿದ್ರಿ.

ಹೇಳಲಿಲ್ಲ, ಕೇಳಿದೆ, ಎಂದರು ಟೀಚರ್.

ಫಕೀರವ್ವ ಮುಂದೆ ಬಂದು ಬೆರಳನ್ನು ನನ್ನ ಮೇಲಿಟ್ಟಳು. ಆಮೇಲೆ ಹಿಂದಿನ ಕಿಟಕಿ ತೋರಿಸಿ ಸನ್ನೆ ಮಾಡಿದಳು: ಇಲ್ಲಿ ಕಿಟಕಿ ಕಾಣತೈತಿ, ನಿಮ್ಮ ಕಣ್ಣು ಕಾಣೂದಿಲ್ಲ. ಹಿಂದೆ ಕೂತ ಮಕ್ಕಳೂ ಹೌದೆಂದು ತಲೆಯಾಡಿಸಿದರು. ಇಷ್ಟು ದಿನ ಅವರು ಊಹೆಯ ಮೇಲೆ ಉತ್ತರ ಕೊಡುತ್ತಿದ್ದರು. ಅವರಿಗೆ ಲಕ್ಷ್ಯವಿಲ್ಲ ಎಂದು ಟೀಚರ್ ಬೈಯುತ್ತಿದ್ದರು.

ಟೀಚರ್ ನನ್ನನ್ನು ತೆಗೆದು ಮೇಜಿನ ಮೇಲಿಟ್ಟರು. ಆ ದಿನದ ಪಾಠವನ್ನೆಲ್ಲ ಬರಿಗಣ್ಣಲ್ಲೇ ಮುಗಿಸಿದರು.

ಮನೆಯಲ್ಲಿ ಗಾಜು ಬದಲಿಸುವ ಮಾತು ಬಂದಾಗ ವೀರಭದ್ರಪ್ಪ ಕೇಳಿದರು, “ಮತ್ತ ಖರ್ಚಾ? ನಿನ್ನ ಕಣ್ಣಿಗೇನಾಗೇತಿ?”

“ನನ್ನ ಕಣ್ಣಿಗಲ್ಲರೀ, ಹುಡುಗರ ಕಣ್ಣಿಗೆ,” ಎಂದರು ಟೀಚರ್.

ಮೌಲಾಸಾಬರು ಮೂರೂ ಬಗೆಯ ಕೋಟಿಂಗ್ ಹಾಕಿಸಿರೆಂದು ಒತ್ತಾಯಿಸಿದರು. ಟೀಚರ್ ಹೊಳಪು ತಡೆಯುವುದನ್ನು ಮಾತ್ರ ಆರಿಸಿಕೊಂಡರು. ಹೊಸ ಗಾಜು ಸಿದ್ಧವಾದ ದಿನ ಫಕೀರವ್ವನನ್ನೂ ಅಂಗಡಿಗೆ ಕರೆತಂದರು. ಚೌಕಟ್ಟಿನಿಂದ ಹೊರಬಂದ ನಾನು ಕೌಂಟರಿನ ಮೇಲೆ ಮಲಗಿ ಕೆಳಗಿನಿಂದ ನೋಡುತ್ತಿದ್ದೆ. ಟ್ಯೂಬ್‌ಲೈಟಿನ ನೇರ ಕೆಳಗೆ ಟೀಚರ್ ಹುಬ್ಬೇರಿಸಿ ಸನ್ನೆ ಮಾಡಿದರು: ನನ್ನ ಮ್ಯಾಲೆ ಸಿಟ್ಟು ಹೋತೇನು?

ಫಕೀರವ್ವ ಅವರ ಕಣ್ಣನ್ನೇ ಬಹಳ ಹೊತ್ತು ನೋಡಿದಳು. ಇನ್ನೂ ಸ್ವಲ್ಪ ಐತಿ, ಎಂದಳು. ಟೀಚರ್ ನಕ್ಕರು. ಕಣ್ಣು ಒದ್ದೆಯಾಗಿದ್ದುದು ಕೆಳಗಿದ್ದ ನನಗೂ ಕಂಡಿತು.

ಈಗ ನಾನು ಮೌಲಾಸಾಬರ ಡ್ರಾವರಿನಲ್ಲಿದ್ದೇನೆ. ಗಿರಾಕಿಗಳಿಗೆ ವ್ಯತ್ಯಾಸ ತೋರಿಸಲು ನನ್ನನ್ನು ದೀಪಕ್ಕೆ ಹಿಡಿಯುತ್ತಾರೆ. ಮೈತುಂಬ ಗೀರುಗಳು ಬಿದ್ದಿವೆ. ನನ್ನ ಮೂಲಕ ಹೊರಗೆ ನೋಡಿದವರಿಗೆ ನಾನು ಮೋಸ ಮಾಡಲಿಲ್ಲ. ಹೊರಗಿನಿಂದ ಒಳಗೆ ನೋಡುವವರೂ ಇರುತ್ತಾರೆಂಬುದು ನನಗೆ ತಿಳಿದಿರಲಿಲ್ಲ.

ಕೋಟಿಂಗ್ ಬೇಕೋ ಬೇಡವೋ ಎಂದು ಅನುಮಾನಿಸುವವರನ್ನು ಮೌಲಾಸಾಬರು ಈಗ ಒಂದೇ ಪ್ರಶ್ನೆ ಕೇಳುತ್ತಾರೆ: “ನಿಮ್ಮ ಮುಖ ನೋಡಾವ್ರು ಯಾರದಾರ್ರಿ?”

“ಬಸ್ಸಿನ ಬೋರ್ಡು ಓದಿದ್ರ ಸಾಕು,” ಎಂದವರೊಬ್ಬರು ಸಾದಾ ಗಾಜನ್ನೇ ಕೊಂಡು ಸಂತೋಷವಾಗಿ ಹೋದರು. ಮೊನ್ನೆ ಬಾಣಂತಿಯೊಬ್ಬಳು ಬಂದಿದ್ದಳು. ಅವರ ಪ್ರಶ್ನೆಗೆ ನಕ್ಕು ಮಡಿಲ ಕೂಸಿನ ಕಡೆ ನೋಡಿದಳು. ಕೂಸು ಅವಳನ್ನೇ ನೋಡುತ್ತಿತ್ತು.

ಮೌಲಾಸಾಬರು ಕೋಟಿಂಗ್ ಗಾಜನ್ನು ಕೈಗೆತ್ತಿಕೊಂಡು, ನನ್ನನ್ನು ಡ್ರಾವರಿಗೆ ಹಾಕಿ ಮುಚ್ಚಿದರು.