ಸಂಜೆ ಆರರ ಗೊರಗೊರ

ಬೀದಿಯವರು ಅವನಿಗೆ ಫ್ಯೂಸಣ್ಣ ಎಂದು ಹೆಸರಿಟ್ಟಿದ್ದು ಅವನು ರೇಡಿಯೋ, ಟಿವಿ ರಿಪೇರಿ ಮಾಡುತ್ತಾನೆಂದಲ್ಲ, ಮಾತೆತ್ತಿದರೆ ಹಾರಿಬೀಳುತ್ತಾನೆಂದು. ಕೆಲಸದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅವನು ಸರಿಯಿದೆ ಅಂದರೆ ಆ ಪೆಟ್ಟಿಗೆ ಸರಿಯಿದೆ, ಅಷ್ಟೇ.

ಅಂಗಡಿಯ ಮೇಲಿನ ಮನೆಯಲ್ಲಿ ಅವನ ಅಕ್ಕ ಮತ್ತು ಭಾವ ಇದ್ದರು. ಅಕ್ಕ ಮೂವತ್ತು ವರ್ಷದಿಂದ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಅವಳ ಹುಬ್ಬು ಮೇಲೇರುತ್ತಿತ್ತು. ಭಾವನಿಗೆ ಕಿವಿ ಮಂದ. ಬಾಗಿಲು ಮುರಿದುಬಿದ್ದರೂ ತಿರುಗಿ ನೋಡುವ ಆಸಾಮಿಯಲ್ಲ.

ಒಂದು ತಿಂಗಳಲ್ಲಿ ಅಕ್ಕ ಅವನನ್ನು ಮೂರು ಸಲ ಮೇಲೆ ಕರೆಸಿದ್ದಳು. ಸಂಜೆ ಆರಕ್ಕೆ ರೇಡಿಯೋದಲ್ಲಿ ಬರುವ ಹಾಡಿನ ಹಿಂದೆ ಗೊರಗೊರ ಸದ್ದು. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ. ಆದರೆ ಮೂರು ಸಲವೂ ಅವನು ಹೋಗಿ ನಿಂತಾಗ ಹಾಡು ತಿಳಿನೀರಿನಂತೆ ಬರುತ್ತಿತ್ತು. ಮೊದಲ ಸಲ ಏರಿಯಲ್ ತಂತಿಯ ತುಕ್ಕು ಉಜ್ಜಿದ. ಎರಡನೇ ಸಲ ಹಿಂಬದಿ ಬಿಚ್ಚಿ ಧೂಳು ಊದಿ, ಸಡಿಲವಾಗಿದ್ದ ತಂತಿಗೆ ಬೆಸುಗೆ ಹಾಕಿದ. ಮೂರನೇ ಸಲ ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದ.

"ರೇಡಿಯೋಗೆ ಏನೂ ಆಗಿಲ್ಲ ಕಣಕ್ಕಾ. ಹೋಗಿ ಕಿವಿ ತೋರಿಸ್ಕೋ. ಭಾವನ ಜೊತೆ ಇದ್ದೂ ಇದ್ದೂ ನಿಂಗೂ ಅಂಟಿರ್ಬೇಕು."

"ನೀನು ಬರೋ ತನಕ ಇತ್ತು ಕಣೋ."

"ನನ್ನ ಮುಖ ನೋಡಿ ಓಡಿಹೋಯ್ತಾ?"

ಅಕ್ಕ ನಗಲಿಲ್ಲ. ಅವನು ಅದನ್ನು ಗಮನಿಸಲೂ ಇಲ್ಲ, ದಡದಡ ಮೆಟ್ಟಿಲಿಳಿದ.

ವಾರ ಕಳೆದ ಮೇಲೆ ಒಂದು ಸಂಜೆ ಭಾವ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ನಿನ್ನಕ್ಕ ಪಾಠ ನಿಲ್ಲಿಸ್ತಾಳಂತೆ. ನಾಲ್ಕು ಮನೆಗೆ ಹೇಳಿ ಬಂದಿದ್ದಾಳೆ."

"ಯಾಕೆ?"

"ಇಲ್ಲದ ಸದ್ದು ಕೇಳೋ ಕಿವಿ ಇಟ್ಕೊಂಡು ಮಕ್ಕಳ ಸ್ವರ ಹೆಂಗೆ ತಿದ್ದಲಿ ಅಂತಾಳೆ."

"ಕಿವಿ ತೋರಿಸಿದ್ಲಾ?" ಎಂದು ಅವನು ಎರಡು ಸಲ ಕೂಗಿ ಕೇಳಬೇಕಾಯಿತು.

"ತೋರಿಸಿದ್ಲು. ಕಿವಿ ಚೆನ್ನಾಗಿದೆ ಅಂದ್ರು ಡಾಕ್ಟ್ರು. ಹಾಗಾದ್ರೆ ಕೆಟ್ಟಿರೋದು ತಲೆ ಅಂತ ಕೂತಿದ್ದಾಳೆ. ಎರಡು ದಿನದಿಂದ ಒಂದು ಸ್ವರ ಹಾಡಿಲ್ಲ ಮಾರಾಯ."

ಫ್ಯೂಸಣ್ಣ ಎದ್ದ. ಅಭ್ಯಾಸದಂತೆ ಕೈ ಮೇನ್ ಸ್ವಿಚ್ಚಿಗೆ ಹೋಯಿತು. ಅವನಿಗೆ ಕೆಲಸ ಕಲಿಸಿದ ಗುರುವಿನ ಅಂಗಡಿ, ಆರಿಸಲು ಮರೆತ ಬೆಸುಗೆ ಕಡ್ಡಿಯೊಂದರಿಂದ ಸುಟ್ಟು ಬೂದಿಯಾಗಿತ್ತು. ಅಂದಿನಿಂದ ಹತ್ತು ಹೆಜ್ಜೆ ಆಚೆ ಹೋಗುವುದಾದರೂ ಅವನು ಅಂಗಡಿಯ ಕರೆಂಟನ್ನೆಲ್ಲ ಇಳಿಸಿಯೇ ಹೋಗುತ್ತಿದ್ದ.

"ಇರ್ಲಿ ಬಿಡು," ಎಂದ ಭಾವ, ಬೆಂಚಿನ ದೀಪದ ಕೆಳಗೆ ಪೇಪರ್ ಬಿಡಿಸುತ್ತ. "ನಾನಿಲ್ಲೇ ಇರ್ತೀನಿ. ಮೇಲೆ ಅವಳ ಮುಖ ನೋಡಕ್ಕಾಗಲ್ಲ."

ಅವನು ಹಾಗೇ ಬಿಟ್ಟು ಮೇಲೆ ಹೋದ. ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ರೇಡಿಯೋ ಮೇಲೆ ಬಟ್ಟೆ ಹೊದಿಸಿತ್ತು. ಬಟ್ಟೆ ತೆಗೆದು ಗುಂಡಿ ತಿರುಗಿಸಿದ. ಹಾಡು ಬಂತು, ಅದರ ಬೆನ್ನಿಗೇ ಗೊರ್ ಎಂದು ಜೇನುಗೂಡಿಗೆ ಕಲ್ಲು ಬಿದ್ದಂಥ ಸದ್ದು.

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. "ನಿಂಗೂ ಕೇಳ್ತಿದೆಯಾ?"

"ಕೇಳ್ತಿದೆ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಅವನು ಫ್ರಿಜ್ಜಿನ ಪ್ಲಗ್ ಕಿತ್ತ. ಸದ್ದು ನಿಲ್ಲಲಿಲ್ಲ. ಮನೆಯ ದೀಪಗಳನ್ನೆಲ್ಲ ಆರಿಸಿದ. ನಿಲ್ಲಲಿಲ್ಲ. ರೇಡಿಯೋ ಎತ್ತಿ ನೆಲದ ಮೇಲಿಟ್ಟ, ಸದ್ದು ದುಪ್ಪಟ್ಟಾಯಿತು. ಕೆಳಗೆ ಇದ್ದದ್ದು ಅವನ ಅಂಗಡಿ.

"ಅಕ್ಕಾ, ಕಿಟಕಿ ಹತ್ರ ನಿಂತಿರು. ಸದ್ದು ನಿಂತ ತಕ್ಷಣ ಕೂಗು."

ಅಂಗಡಿಗಿಳಿದು ಒಂದೊಂದೇ ಪ್ಲಗ್ ಕಿತ್ತ. ಬೆಸುಗೆ ಕಡ್ಡಿ, ಫ್ಯಾನು, ಪರೀಕ್ಷೆಗಿಟ್ಟ ಟಿವಿ. ಮೇಲಿಂದ ಮಾತಿಲ್ಲ. ಉಳಿದದ್ದು ಬೆಂಚಿನ ಹೊಸ ದೀಪ. ಒಂದೂವರೆ ತಿಂಗಳ ಹಿಂದೆ ಬೀದಿಬದಿ ತಂದದ್ದು, ಸಂಜೆ ಕತ್ತಲಾಗುವಾಗ ಮಾತ್ರ ಹಚ್ಚುತ್ತಿದ್ದದ್ದು. ಅದರ ತಂತಿಯಲ್ಲಿದ್ದ ಅಂಗೈಯಗಲದ ಕರೀ ಅಡಾಪ್ಟರ್ ಡಬ್ಬಿಯಂಥದ್ದನ್ನು ಗಿರಾಕಿಗಳು ತಂದರೆ, ಇದು ಹಾಡಿನ ಜೊತೆ ಗೊರಗೊರ ಸೇರಿಸುತ್ತೆ, ರೇಡಿಯೋ ಇರೋ ಮನೆಗೆ ಇಂಥ ಕಸ ತರಬೇಡಿ ಎಂದು ಬೈದು ಕಳಿಸುತ್ತಿದ್ದವನು ಅವನೇ. ಕಿತ್ತ. ಭಾವನ ಪೇಪರಿನ ಮೇಲೆ ಕತ್ತಲಾಯಿತು.

"ನಿಂತೋಯ್ತು," ಎಂದಳು ಅಕ್ಕ ಮೇಲಿನಿಂದ.

ಈ ಸಲ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಹೋದ.

"ನನ್ನ ಹೊಸ ದೀಪದ ಸದ್ದು ಕಣಕ್ಕಾ. ಬರುವಾಗೆಲ್ಲ ಮೇನ್ ಇಳಿಸಿ ಬರ್ತಿದ್ದೆ, ದೀಪದ ಜೊತೆ ಸದ್ದೂ ಆರ್ತಿತ್ತು. ಕಳ್ಳನ್ನ ಕೆಳಗೆ ಕೂಡಿಹಾಕಿ ಇಲ್ಲಿ ಬಂದು ಹುಡುಕ್ತಿದ್ದೆ."

ಬೈಯುತ್ತಾಳೆಂದು ಕಾದ. ಬೈಗುಳವಾದರೆ ತಿರುಗಿ ಬೈಯಬಹುದಿತ್ತು.

"ನನ್ನ ಕಿವಿ ಸರಿಯಾಗೇ ಹೇಳ್ತಿತ್ತು," ಎಂದಳು. "ನಾನೇ ಅದರ ಬಾಯಿ ಮುಚ್ಚಿಸಿದೆ."

"ನಾನು ಇಲ್ಲ ಅಂದ ಮಾತ್ರಕ್ಕೆ ನೀನ್ಯಾಕೆ ನಂಬಬೇಕಿತ್ತು?" ಅವನ ದನಿ ಏರತೊಡಗಿತ್ತು.

"ನೀನು ಅಷ್ಟು ಜೋರಾಗಿ ಹೇಳ್ದೆ ಕಣೋ."

ರೇಡಿಯೋ ಹಾಡುತ್ತಲೇ ಇತ್ತು. ಇಷ್ಟು ವರ್ಷದಲ್ಲಿ ತಾನು ಗದರಿ ವಾಪಸ್ ಕಳಿಸಿದ ಎಷ್ಟು ಜನ ಮನೆಗೆ ಹೋಗಿ ತಮ್ಮ ಕಿವಿಯನ್ನೇ ಅನುಮಾನಿಸಿರಬಹುದು ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

"ನಾಲ್ಕು ಮನೆ," ಎಂದಳು ಅಕ್ಕ. "ನನ್ನ ಕಿವಿ ಹೋಯ್ತು ಅಂತ ನಾನೇ ಹೇಳಿ ಬಂದೆ. ಈಗ ನೀನು ಹೋಗಿ ಹೇಳು."

ಮೊದಲ ಮನೆಯ ಹೆಂಗಸು ಅವನನ್ನು ಕಂಡು, "ನಮ್ಮ ಟಿವಿ ಚೆನ್ನಾಗಿದೆಯಲ್ಲ, ಯಾರು ಬರಹೇಳಿದ್ರು?" ಎಂದಳು.

"ಟಿವಿಗೆ ಬಂದಿದ್ದಲ್ಲ." ಅವನು ನೆಲ ನೋಡಿದ. "ಅಕ್ಕನ ಕಿವಿ ಸರಿಯಾಗಿದೆ. ತಪ್ಪು ನನ್ನದು."

ಒಳಗೆ ಕುಕ್ಕರ್ ಕೂಗುತ್ತಿತ್ತು. "ಏನಂದ್ರಿ? ಕೇಳಿಸ್ಲಿಲ್ಲ," ಎಂದಳು ಆಕೆ.

ಅವನು ಮತ್ತೊಮ್ಮೆ ಹೇಳಿದ, ಈ ಸಲ ಜೋರಾಗಿ.